ಅಮಿಯೊಡರೋನ್ ಮಾತ್ರೆಯ ಜೊತೆ ಬೇರೆ ಔಷಧಗಳು: ಹೈದರಾಬಾದಿನಿಂದ ಊರಿಗೆ ಮರಳಿದ ಮೇಲೆ ಗಮನಿಸಬೇಕಾದದ್ದು

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಅನೇಕ ಕುಟುಂಬಗಳಿಗೆ ಹೃದಯದ ದೊಡ್ಡ ಚಿಕಿತ್ಸೆ ಎಂದರೆ ಹೈದರಾಬಾದ್. ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆಯ ಶಾಖೆ ಬಂದಿದ್ದರೂ ಪಂಜಗುಟ್ಟದ ನಿಮ್ಸ್‌ಗೋ ಅಲ್ಲಿನ ಖಾಸಗಿ ಆಸ್ಪತ್ರೆಗಳಿಗೋ ಹೋಗಿಬರುವವರು ಇದ್ದಾರೆ. ಹೃದಯದ ಮಾತ್ರೆಗಳ ಚೀಟಿ ಅಲ್ಲಿ ಬರೆದದ್ದು. ಊರಿಗೆ ಬಂದ ಮೇಲೆ ಜ್ವರ, ಭೇದಿ, ಹಲ್ಲುನೋವು, ಗಜಕರ್ಣ ಏನೇ ಆದರೂ ಔಷಧ ಕೊಡುವವರು ಬೇರೆ ವೈದ್ಯರು, ಎಷ್ಟೋ ಸಲ ಔಷಧ ಅಂಗಡಿಯವರು. ಎರಡೂ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡುವವರು ಮನೆಯವರು ಮಾತ್ರ.

ಹೃದಯದ ಬಡಿತದ ಲಯ ಸರಿಪಡಿಸುವ ಅಮಿಯೊಡರೋನ್ ಎಂಬ ಮಾತ್ರೆಯ ವಿಷಯದಲ್ಲಿ ಇದು ಬಹಳ ಮುಖ್ಯ. ಬೇರೆ ಔಷಧಗಳ ಜೊತೆ ಇಷ್ಟೊಂದು ಕಡೆ ತಗಾದೆ ತೆಗೆಯುವ ಹೃದಯದ ಮಾತ್ರೆಗಳು ಕಡಿಮೆ. ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಇದರ ಪರಿಣಾಮ ಉಳಿಯುತ್ತದೆ.

ಯಾರಿಗೆ ಕೊಡುತ್ತಾರೆ, ದೇಹದಲ್ಲಿ ಎಷ್ಟು ಕಾಲ ಇರುತ್ತದೆ

ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಲಯವಿಲ್ಲದೆ ನಡುಗುತ್ತವೆ. ಕೆಲವರಿಗೆ ಕೆಳಗಿನ ಕೋಣೆಗಳಿಂದ ಅಪಾಯಕಾರಿ ವೇಗದ ಬಡಿತ ಬರುತ್ತದೆ. ಇವೆರಡರಲ್ಲೂ, ಕವಾಟದ ಶಸ್ತ್ರಚಿಕಿತ್ಸೆಯ ನಂತರ ಲಯ ತಪ್ಪಿದಾಗಲೂ, ಈ ಮಾತ್ರೆ ಬಳಕೆಯಲ್ಲಿದೆ. ನಿಮ್ಮ ಚೀಟಿಯಲ್ಲಿ ಅಮಿಯೊಡರೋನ್ ಎಂಬ ಹೆಸರು ಇಲ್ಲದೆ ಕಾರ್ಡಾರೋನ್, ಟಾಕಿರಾ ಎಂಬಂಥ ಕಂಪನಿ ಹೆಸರು ಇರಬಹುದು. ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವ ಮೂಲ ಹೆಸರನ್ನು ಒಮ್ಮೆ ನೋಡಿಟ್ಟುಕೊಳ್ಳಿ. ಬೇರೆ ವೈದ್ಯರಿಗೆ ಹೇಳಬೇಕಾದದ್ದು ಆ ಹೆಸರನ್ನೇ.

1960ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಇದನ್ನು ತಯಾರಿಸಿದ್ದು ಎದೆನೋವಿಗೆಂದು. ಬಡಿತದ ಲಯದ ಮೇಲೆ ಇದಕ್ಕಿರುವ ಹಿಡಿತವನ್ನು 1970ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೋರಿಸಿದವರು ಫಿಜಿಯಲ್ಲಿ ಹುಟ್ಟಿದ ಭಾರತೀಯ ಮೂಲದ ಬ್ರಮಾ ಸಿಂಗ್ ಮತ್ತು ಅವರ ಗುರು ವಾನ್ ವಿಲಿಯಮ್ಸ್.

ನೆನಪಿಡಬೇಕಾದ ಗುಣ ಒಂದಿದೆ. ಈ ಔಷಧ ಕೊಬ್ಬಿನಲ್ಲಿ, ಲಿವರ್‌ನಲ್ಲಿ, ಶ್ವಾಸಕೋಶದಲ್ಲಿ ಹೋಗಿ ಕೂಡುತ್ತದೆ. ನಾವು ನುಂಗುವ ಹೆಚ್ಚಿನ ಮಾತ್ರೆಗಳು ಒಂದೆರಡು ದಿನದಲ್ಲಿ ದೇಹ ಬಿಡುತ್ತವೆ. ಅಮಿಯೊಡರೋನ್ ನಿಲ್ಲಿಸಿದ ಮೇಲೆ ದೇಹದಲ್ಲಿರುವುದು ಅರ್ಧಕ್ಕೆ ಇಳಿಯಲು ಸರಾಸರಿ ಎರಡು ತಿಂಗಳ ಹತ್ತಿರ ಹಿಡಿಯುತ್ತದೆ. ಕೆಲವರಲ್ಲಿ ಬೇಗ ಇಳಿಯುತ್ತದೆ, ಕೆಲವರಲ್ಲಿ ನಾಲ್ಕು ತಿಂಗಳೂ ದಾಟುತ್ತದೆ. ಆದ್ದರಿಂದ "ಈಗ ಯಾವ ಮಾತ್ರೆ ತಗೊಳ್ತಿದ್ದೀರಿ?" ಎಂದು ವೈದ್ಯರು ಕೇಳಿದಾಗ, ಹೋದ ತಿಂಗಳು ನಿಲ್ಲಿಸಿದ್ದರೂ ಇದರ ಹೆಸರು ಹೇಳಲೇಬೇಕು.

ಇದೇ ಕಾರಣಕ್ಕೆ ಶುರುವಿನಲ್ಲಿ ಪ್ರಮಾಣ ಹೆಚ್ಚು ಕೊಟ್ಟು ನಂತರ ಇಳಿಸುತ್ತಾರೆ. ಮೊದಲ ವಾರ ದಿನಕ್ಕೆ ಮೂರು, ಎರಡನೆಯ ವಾರ ಎರಡು, ಆಮೇಲೆ ಒಂದು ಎಂಬಂಥ ಕ್ರಮ ಚೀಟಿಯಲ್ಲಿರುತ್ತದೆ. ಊರಿಗೆ ಬಂದು ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಮಾತ್ರೆ ತರಿಸಿಕೊಳ್ಳುವಾಗ ಮೊದಲ ವಾರದ ಲೆಕ್ಕವೇ ಮುಂದುವರಿಯದಂತೆ ನೋಡಿಕೊಳ್ಳಿ. ಇಳಿಸುವ ದಿನಾಂಕಗಳನ್ನು ಡಿಸ್ಚಾರ್ಜ್ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಕೊಳ್ಳುವುದು ಒಳ್ಳೆಯದು.

ರಕ್ತ ತೆಳು ಮಾಡುವ ಮಾತ್ರೆಯ ಜೊತೆ

ಬಡಿತ ಲಯ ತಪ್ಪಿದಾಗ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಮೆದುಳಿಗೆ ಹೋಗಿ ಲಕ್ವಾ ಹೊಡೆಯುವ ಅಪಾಯವಿದೆ. ಅದಕ್ಕಾಗಿ ಅಮಿಯೊಡರೋನ್ ತೆಗೆದುಕೊಳ್ಳುವ ಅನೇಕರಿಗೆ ಅಸಿಟ್ರೋಮ್ ಅಥವಾ ವಾರ್ಫರಿನ್ ಕೂಡ ಇರುತ್ತದೆ. ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರಿಗೆ ಮತ್ತು ಲೋಹದ ಕವಾಟ ಹಾಕಿಸಿಕೊಂಡವರಿಗೆ ಹೊಸ ಬಗೆಯ ಮಾತ್ರೆಗಳು ಹೊಂದುವುದಿಲ್ಲ. ರುಮ್ಯಾಟಿಕ್ ಕವಾಟದ ರೋಗಿಗಳಲ್ಲಿ ಹೊಸ ಮಾತ್ರೆ ರಿವರಾಕ್ಸಬ್ಯಾನ್‌ಗಿಂತ ಹಳೆಯ ಬಗೆಯೇ ಮೇಲು ಎಂದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ ತೋರಿಸಿತು.

ಲಿವರ್ ಅಸಿಟ್ರೋಮನ್ನು ಒಡೆದು ಹೊರಹಾಕುವ ಕೆಲಸವನ್ನು ಅಮಿಯೊಡರೋನ್ ನಿಧಾನಗೊಳಿಸುತ್ತದೆ. ಪ್ರಮಾಣ ಹಳೆಯದೇ ಇದ್ದರೂ ರಕ್ತ ಬೇಕಾದದ್ದಕ್ಕಿಂತ ತೆಳುವಾಗುತ್ತಾ ಹೋಗುತ್ತದೆ. ಇದು ಮೊದಲ ವಾರವೇ ಶುರುವಾದರೂ ಪೂರ್ತಿ ಬಲ ತೋರಿಸಲು ಆರೇಳು ವಾರ ಬೇಕು. ಡಿಸ್ಚಾರ್ಜ್ ಆಗುವಾಗ ಪಿಟಿ-ಐಎನ್‌ಆರ್ ಸರಿಯಾಗಿತ್ತು ಎಂಬುದು ಒಂದು ತಿಂಗಳ ನಂತರದ ಸ್ಥಿತಿಗೆ ಭರವಸೆಯಲ್ಲ. ಸಾಮಾನ್ಯವಾಗಿ ಅಸಿಟ್ರೋಮ್ ಅಥವಾ ವಾರ್ಫರಿನ್ ಪ್ರಮಾಣವನ್ನು ಕಾಲು ಭಾಗದಿಂದ ಅರ್ಧದವರೆಗೆ ಇಳಿಸಬೇಕಾಗುತ್ತದೆ. ಎಷ್ಟು ಎಂಬುದನ್ನು ಪರೀಕ್ಷೆ ನೋಡಿ ವೈದ್ಯರೇ ಹೇಳಬೇಕು. ಅಮಿಯೊಡರೋನ್ ಹೊಸದಾಗಿ ಸೇರಿದ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಐಎನ್‌ಆರ್ ಮಾಡಿಸುವುದು ಸುರಕ್ಷಿತ. ಇದಕ್ಕಾಗಿ ಹೈದರಾಬಾದಿಗೆ ಹೋಗಬೇಕಿಲ್ಲ. ಜಿಲ್ಲಾ ಕೇಂದ್ರದ ಲ್ಯಾಬಿನಲ್ಲಿ ಮಾಡಿಸಿ, ಫಲಿತಾಂಶವನ್ನು ಫೋನಿನಲ್ಲಿ ತಿಳಿಸಿದರೆ ಪ್ರಮಾಣ ಹೇಳುತ್ತಾರೆಯೇ ಎಂದು ಆಸ್ಪತ್ರೆ ಬಿಡುವ ಮುನ್ನವೇ ಕೇಳಿ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಬರೆಸಿಕೊಳ್ಳಿ.

ಅಮಿಯೊಡರೋನ್ ನಿಲ್ಲಿಸಿದಾಗ ಇದೆಲ್ಲ ಹಿಂದುಮುಂದಾಗುತ್ತದೆ. ತಿಂಗಳುಗಳ ಕಾಲ ಔಷಧ ಇಳಿಯುತ್ತಾ ಹೋದಂತೆ ಅಸಿಟ್ರೋಮ್‌ನ ಬಲವೂ ಇಳಿಯುತ್ತದೆ. ಇಳಿಸಿದ ಪ್ರಮಾಣವನ್ನೇ ಮುಂದುವರಿಸಿದರೆ ರಕ್ತ ಗಟ್ಟಿಯಾಗಿ ಲೋಹದ ಕವಾಟ ಸಿಕ್ಕಿಕೊಳ್ಳುವ ಅಪಾಯವಿದೆ. ನಿಲ್ಲಿಸಿದ ಮೇಲೂ ಮೂರ್ನಾಲ್ಕು ತಿಂಗಳು ಪರೀಕ್ಷೆ ತಪ್ಪಿಸಬಾರದು.

ಇನ್ನೊಂದು ಸಂದರ್ಭ ಸುಲಭವಾಗಿ ಗಮನಕ್ಕೆ ಬರುವುದಿಲ್ಲ. 200 ಮಿಲಿಗ್ರಾಂನ ಒಂದು ಅಮಿಯೊಡರೋನ್ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ನಮಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಅಂದರೆ ಅದರ ಐನೂರನೇ ಒಂದು ಭಾಗ. ಹಾಗಾಗಿ ಥೈರಾಯ್ಡ್ ಏರುವುದು ಅಥವಾ ಇಳಿಯುವುದು ಈ ಮಾತ್ರೆಯಲ್ಲಿ ಅಪರೂಪವಲ್ಲ. ಥೈರಾಯ್ಡ್ ಏರಿದರೆ ಅಸಿಟ್ರೋಮ್ ಮತ್ತಷ್ಟು ಬಲವಾಗುತ್ತದೆ. ಎರಡು ವರ್ಷ ಐಎನ್‌ಆರ್ ಸರಿಯಾಗಿದ್ದವರಿಗೆ ಕಾರಣವಿಲ್ಲದೆ ಒಸಡಿನಲ್ಲಿ ರಕ್ತ ಬಂದರೆ, ತೂಕ ಇಳಿದಿದ್ದರೆ, ಕೈ ನಡುಗುತ್ತಿದ್ದರೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಲು ಕೇಳಿ. ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಲಿವರ್ ಪರೀಕ್ಷೆ ಹೇಗೂ ಆಗಬೇಕು.

ಅಪಿಕ್ಸಬ್ಯಾನ್, ಡಬಿಗಟ್ರಾನ್‌ನಂಥ ಹೊಸ ಮಾತ್ರೆಗಳ ಮಟ್ಟವನ್ನೂ ಅಮಿಯೊಡರೋನ್ ಸ್ವಲ್ಪ ಏರಿಸುತ್ತದೆ. ಕಿಡ್ನಿ ಚೆನ್ನಾಗಿರುವವರಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ಅದನ್ನು ತಜ್ಞರಿಗೆ ನೆನಪಿಸಬೇಕು.

ಡಿಗಾಕ್ಸಿನ್, ಮತ್ತು "ಗ್ಯಾಸ್" ಎಂದು ತಪ್ಪು ತಿಳಿಯುವ ವಾಕರಿಕೆ

ಡಿಗಾಕ್ಸಿನ್ ಅಥವಾ ಲ್ಯಾನಾಕ್ಸಿನ್ ಎಂಬ ಚಿಕ್ಕ ಮಾತ್ರೆಯನ್ನು ವಾರಕ್ಕೆ ಐದು ದಿನ, ಎರಡು ದಿನ ಬಿಡುವು ಎಂದು ಬರೆದುಕೊಡುವುದು ನಮ್ಮಲ್ಲಿ ರೂಢಿ. ಅಮಿಯೊಡರೋನ್ ಸೇರಿದಾಗ ರಕ್ತದಲ್ಲಿ ಡಿಗಾಕ್ಸಿನ್ ಮಟ್ಟ ಏರುತ್ತದೆ. ಆದ್ದರಿಂದ ವೈದ್ಯರು ಸಾಮಾನ್ಯವಾಗಿ ಅದರ ಪ್ರಮಾಣವನ್ನು ಅರ್ಧಕ್ಕೆ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಹಳೆಯ ಚೀಟಿಯಲ್ಲಿ ಡಿಗಾಕ್ಸಿನ್, ಹೊಸ ಚೀಟಿಯಲ್ಲಿ ಅಮಿಯೊಡರೋನ್ ಇದ್ದು, ಮನೆಯಲ್ಲಿ ಎರಡೂ ಮುಂದುವರಿದಾಗ ತೊಂದರೆ ಶುರುವಾಗುತ್ತದೆ.

ಡಿಗಾಕ್ಸಿನ್ ಹೆಚ್ಚಾದದ್ದರ ಮೊದಲ ಲಕ್ಷಣಗಳು ಊಟ ಸೇರದಿರುವುದು, ವಾಕರಿಕೆ, ವಾಂತಿ. ನೋಡುವವರಿಗೆ ಇದು ಗ್ಯಾಸ್ ಅಥವಾ ಪಿತ್ತದಂತೆಯೇ ಕಾಣುತ್ತದೆ. ಔಷಧ ಅಂಗಡಿಗೆ ಹೋಗಿ ಹೇಳಿದರೆ ಪ್ಯಾನ್-ಡಿಯಂಥ ಗುಳಿಗೆ ಕೊಡುತ್ತಾರೆ. ವಾಂತಿ ಜಾಸ್ತಿಯಾದರೆ ಎಮ್‌ಸೆಟ್. ಪ್ಯಾನ್-ಡಿಯಲ್ಲಿರುವ 'ಡಿ' ಎಂದರೆ ಡೊಮ್‌ಪೆರಿಡೋನ್. ಎಮ್‌ಸೆಟ್‌ನಲ್ಲಿರುವುದು ಒಂಡನ್‌ಸೆಟ್ರಾನ್. ಇವೆರಡೂ ಅಮಿಯೊಡರೋನ್ ಜೊತೆ ಸೇರಿದಾಗ ಹೃದಯದ ವಿದ್ಯುತ್ತಿನ ಮೇಲೆ ಭಾರ ಹೇರುತ್ತವೆ. ಹೇಗೆ ಎಂಬುದನ್ನು ಮುಂದೆ ಹೇಳಿದೆ. ಹೀಗೆ ಒಂದು ಔಷಧದ ತೊಂದರೆಗೆ ಎರಡನೆಯದು, ಎರಡನೆಯದರ ಮೇಲೆ ಮೂರನೆಯದು ಬಂದು ಕೂರುತ್ತದೆ. ವಾಂತಿಯಿಂದ ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ ವಿಷ ಮತ್ತಷ್ಟು ಬಲವಾಗುತ್ತದೆ.

ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ವಾಕರಿಕೆ ಬಂದರೆ ಮೊದಲು ನಾಡಿ ಎಣಿಸಿ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಲಯ ತಪ್ಪಿದವರಲ್ಲಿ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ನಾಡಿ 50ಕ್ಕಿಂತ ಕಡಿಮೆ ಇದ್ದರೆ, ದೀಪದ ಸುತ್ತ ಹಳದಿ ಬಳೆ ಕಂಡರೆ, ತಲೆ ಸುತ್ತುತ್ತಿದ್ದರೆ ಅಂಗಡಿಗೆ ಹೋಗಬೇಡಿ, ಇಸಿಜಿ ಇರುವ ಕಡೆ ಹೋಗಿ.

ಭೇದಿ, ಕೆಮ್ಮು, ಹಲ್ಲುನೋವಿನ ಮಾತ್ರೆಗಳು

ಪ್ರತಿ ಬಡಿತದ ನಂತರ ಹೃದಯ ಮುಂದಿನ ಬಡಿತಕ್ಕೆ ಮರಳಿ ಸಜ್ಜಾಗಲು ಸ್ವಲ್ಪ ಹೊತ್ತು ಬೇಕು. ಬಡಿತ ಶುರುವಾದಾಗಿನಿಂದ ಹಾಗೆ ಸಜ್ಜಾಗುವವರೆಗಿನ ಹೊತ್ತನ್ನು ಇಸಿಜಿಯಲ್ಲಿ ಕ್ಯೂಟಿ ಎಂದು ಅಳೆಯುತ್ತಾರೆ. ಅಮಿಯೊಡರೋನ್ ಅದನ್ನು ಉದ್ದ ಮಾಡುತ್ತದೆ, ಅದರ ಕೆಲಸವೇ ಅದು. ಅದೊಂದರಿಂದಲೇ ಅಪಾಯವಾಗುವುದು ಅಪರೂಪ. ಆದರೆ ಕ್ಯೂಟಿ ಉದ್ದ ಮಾಡುವ ಇನ್ನೊಂದು ಔಷಧ ಸೇರಿ, ಪೊಟ್ಯಾಸಿಯಂ ಕೂಡ ಇಳಿದಿದ್ದರೆ ಹೃದಯ ಇದ್ದಕ್ಕಿದ್ದಂತೆ ಅತಿವೇಗದ ಲಯಕ್ಕೆ ಜಾರಬಹುದು. ರೋಗಿ ಪ್ರಜ್ಞೆ ತಪ್ಪಿ ಬೀಳಬಹುದು, ಜೀವಕ್ಕೂ ಅಪಾಯವಾಗಬಹುದು. ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದ ಕ್ಯೂಟಿ 500 ಮಿಲಿಸೆಕೆಂಡ್ ದಾಟಿದರೆ ವೈದ್ಯರು ಅದನ್ನು ಅಪಾಯದ ಗೆರೆ ಎಂದು ನೋಡುತ್ತಾರೆ.

ಬೇಸಿಗೆಯ ಭೇದಿಯಲ್ಲಿ ಇದಕ್ಕೆ ಬೇಕಾದದ್ದೆಲ್ಲ ಒಟ್ಟಿಗೆ ಸೇರುತ್ತದೆ. ಹೃದಯದ ರೋಗಿ ಈಗಾಗಲೇ ನೀರಿಳಿಸುವ ಮಾತ್ರೆ (ಫ್ರೂಸಮೈಡ್ ಅಥವಾ ಟಾರ್ಸಮೈಡ್) ತೆಗೆದುಕೊಳ್ಳುತ್ತಿದ್ದರೆ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತಿರುತ್ತದೆ. ಭೇದಿಯಲ್ಲಿ ಇನ್ನಷ್ಟು ಹೋಗುತ್ತದೆ. ಅಂಗಡಿಯಲ್ಲಿ ಕೊಡುವ ಮಾತ್ರೆ ಸಾಮಾನ್ಯವಾಗಿ ಆಫ್ಲಾಕ್ಸಸಿನ್ ಮತ್ತು ಆರ್ನಿಡಝೋಲ್ ಎರಡೂ ಸೇರಿದ್ದು. ಆಫ್ಲಾಕ್ಸಸಿನ್ ಕ್ಯೂಟಿ ಉದ್ದ ಮಾಡುವ ಗುಂಪಿಗೆ ಸೇರಿದೆ, ಆರ್ನಿಡಝೋಲ್ ಅಸಿಟ್ರೋಮನ್ನು ಬಲಪಡಿಸುತ್ತದೆ. ಒಂದೇ ಗುಳಿಗೆಯಿಂದ ಎರಡು ಕಡೆ ಪೆಟ್ಟು. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿಸಿ ಮಾರುವುದು ನಮ್ಮ ದೇಶದಲ್ಲಿ ಬಹಳ. ಅಂಗಡಿಯವರು ಹೆಸರು ಹೇಳಿದರೆ ಅದರೊಳಗೆ ಏನೇನಿದೆ ಎಂದೂ ಕೇಳಬೇಕು.

ಹೆಚ್ಚಿನ ಸಾದಾ ಭೇದಿಗೆ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ. ಓಆರ್‌ಎಸ್ ಕುಡಿಯುತ್ತಾ, ಎಷ್ಟು ದ್ರವ ಕುಡಿಯಬಹುದು ಮತ್ತು ನೀರಿಳಿಸುವ ಮಾತ್ರೆ ಮುಂದುವರಿಸಬೇಕೇ ಎಂದು ಅದೇ ದಿನ ವೈದ್ಯರನ್ನು ಕೇಳಿ. ಒಂದು ದಿನಕ್ಕಿಂತ ಹೆಚ್ಚು ಮುಂದುವರಿದರೆ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಎಳನೀರು ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅದರಲ್ಲಿ ಪೊಟ್ಯಾಸಿಯಂ ಇದೆ, ನಿಜ. ಆದರೆ ಕಿಡ್ನಿ ತೊಂದರೆ ಇರುವವರಿಗೆ, ಸ್ಪೈರನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಏರಿದರೂ ಅಷ್ಟೇ ಅಪಾಯ. ಪರೀಕ್ಷೆ ಇಲ್ಲದೆ ದಿನಕ್ಕೆ ಮೂರು ನಾಲ್ಕು ಎಳನೀರು ಬೇಡ.

ಕೆಮ್ಮು, ಗಂಟಲುನೋವಿಗೆ ಮೂರು ದಿನದ ಅಜಿತ್ರೊಮೈಸಿನ್ ಮನೆಮಾತಾಗಿದೆ. ಅದು, ಅದರ ಬಳಗದ ಕ್ಲಾರಿತ್ರೊಮೈಸಿನ್, ಮತ್ತು ಲಿವೋಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಇವೆಲ್ಲ ಇದೇ ಪಟ್ಟಿಯಲ್ಲಿವೆ. ಅಮಾಕ್ಸಿಸಿಲಿನ್ ಅಥವಾ ಡಾಕ್ಸಿಸೈಕ್ಲಿನ್‌ಗೆ ಕ್ಯೂಟಿಯ ತಗಾದೆ ಇಲ್ಲ. ಆದರೆ ಯಾವುದೇ ಆಂಟಿಬಯೋಟಿಕ್ ತೆಗೆದುಕೊಂಡಾಗಲೂ ಅಸಿಟ್ರೋಮ್ ಇರುವವರು ನಾಲ್ಕೈದು ದಿನದೊಳಗೆ ಐಎನ್‌ಆರ್ ನೋಡಿಸಬೇಕು. ಹಲ್ಲಿನ ವೈದ್ಯರಿಗೆ ಕುರ್ಚಿ ಏರುವ ಮೊದಲೇ ಎರಡೂ ಮಾತ್ರೆಯ ಹೆಸರು ಹೇಳಿ. ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ಅಸಿಟ್ರೋಮ್ ಜೊತೆ ಬೇಡವೇ ಬೇಡ. ಪ್ಯಾರಸಿಟಮಾಲ್ ಒಂದೆರಡು ದಿನಕ್ಕೆ ಸರಿ. ನಿದ್ರೆ, ಆತಂಕಕ್ಕೆ ಎಸ್ಸಿಟಲೋಪ್ರಾಮ್ ಬರೆದಿದ್ದರೆ ಅದೂ ಕ್ಯೂಟಿ ಪಟ್ಟಿಯದೇ, ಆದರೆ ಹೆದರಿ ತಟ್ಟನೆ ನಿಲ್ಲಿಸಬಾರದು. ಇಸಿಜಿ ತೆಗೆಸಿ ವೈದ್ಯರನ್ನು ಕೇಳಿ.

ಗಜಕರ್ಣಕ್ಕೆ ನುಂಗುವ ಮಾತ್ರೆ

ಚರ್ಮದ ಕಾಯಿಲೆಗೂ ಹೃದಯಕ್ಕೂ ಏನು ಸಂಬಂಧ ಎನಿಸುವುದರಿಂದ ಇದನ್ನು ಯಾರೂ ಹೇಳುವುದಿಲ್ಲ. ಫ್ಲುಕೊನಝೋಲ್, ಇಟ್ರಾಕೊನಝೋಲ್ ಎರಡೂ ಅಮಿಯೊಡರೋನ್ ಜೊತೆಗೂ ಅಸಿಟ್ರೋಮ್ ಜೊತೆಗೂ ಕಾದಾಡುತ್ತವೆ. ಹೃದಯ ದುರ್ಬಲವಾಗಿರುವವರು ಗಜಕರ್ಣಕ್ಕೆ ಇಟ್ರಾಕೊನಝೋಲ್ ತೆಗೆದುಕೊಳ್ಳಲೇಬಾರದು ಎಂಬ ಎಚ್ಚರಿಕೆ ಪ್ರತ್ಯೇಕವಾಗಿಯೇ ಇದೆ. ಹಚ್ಚುವ ಮುಲಾಮಿನಲ್ಲಿ ಗುಣವಾಗುತ್ತದೆಯೇ ಎಂದು ಚರ್ಮದ ವೈದ್ಯರನ್ನು ಮೊದಲು ಕೇಳಿ.

ಹೈದರಾಬಾದಿನಲ್ಲೇ ತಯಾರಾದ ಒಂದು ಔಷಧ

ಹೆಪಟೈಟಿಸ್ ಸಿ ಎಂಬ ಲಿವರ್ ಸೋಂಕಿಗೆ ಸೊಫೊಸ್‌ಬುವಿರ್ ಬಂದದ್ದು ದೊಡ್ಡ ವರ. ಗಿಲಿಯಡ್ ಕಂಪನಿಯ ಪರವಾನಗಿಯಡಿ ಹೈದರಾಬಾದಿನ ಹೆಟೆರೋ ಮತ್ತು ನ್ಯಾಟ್ಕೋ 2015ರಲ್ಲಿ ಅದನ್ನು ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದವು. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಂದು ಎಚ್ಚರಿಕೆ ಕೊಟ್ಟಿತು. ಅಮಿಯೊಡರೋನ್ ತೆಗೆದುಕೊಳ್ಳುತ್ತಿದ್ದವರಿಗೆ ಸೊಫೊಸ್‌ಬುವಿರ್ ಇರುವ ಚಿಕಿತ್ಸೆ ಶುರುಮಾಡಿದಾಗ ನಾಡಿ ಅಪಾಯಕಾರಿಯಾಗಿ ಇಳಿದಿತ್ತು. ಒಬ್ಬರ ಹೃದಯ ನಿಂತು ಅವರು ತೀರಿಕೊಂಡಿದ್ದರು, ಮೂವರಿಗೆ ಪೇಸ್‌ಮೇಕರ್ ಹಾಕಬೇಕಾಯಿತು. ಅಮಿಯೊಡರೋನ್ ಇತ್ತೀಚೆಗಷ್ಟೇ ನಿಲ್ಲಿಸಿದವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಮೊದಲ ಕೆಲವು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಬಡಿತ ನೋಡುತ್ತಾ ಶುರುಮಾಡುತ್ತಾರೆ.

ನಾಡಿ ಇಳಿಸುವ ಬೇರೆ ಮಾತ್ರೆಗಳೂ ಇವೆ: ಮೆಟೊಪ್ರೊಲಾಲ್, ಅಟೆನೊಲಾಲ್, ಡಿಲ್ಟಿಯಜೆಮ್, ವೆರಪಮಿಲ್. ಇವನ್ನು ತಜ್ಞರು ಗೊತ್ತಿದ್ದೇ ಜೊತೆಗೆ ಕೊಡುವುದುಂಟು. ಊರಿನಲ್ಲಿ ಬಿಪಿಗೆಂದು ಇನ್ನೊಬ್ಬರು ಮತ್ತೊಂದನ್ನು ಸೇರಿಸಿದರೆ ಮಾತ್ರ ನಾಡಿ ಎಣಿಸಿ ತಿಳಿಸಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಉಲ್ಟಾ ಕೆಲಸ ಮಾಡುತ್ತದೆ. ಅಸಿಟ್ರೋಮ್ ಮತ್ತು ಅಮಿಯೊಡರೋನ್ ಎರಡರ ಬಲವನ್ನೂ ತಗ್ಗಿಸುತ್ತದೆ. ಕೊಲೆಸ್ಟ್ರಾಲ್ ಮಾತ್ರೆ ಸಿಮ್ವಸ್ಟಾಟಿನ್ ಆಗಿದ್ದರೆ ದಿನಕ್ಕೆ 20 ಮಿಲಿಗ್ರಾಂ ಮೀರಬಾರದು. ರೊಸುವಸ್ಟಾಟಿನ್‌ಗೆ ಈ ತೊಡಕಿಲ್ಲ. ಯಾವುದೇ ಸ್ಟಾಟಿನ್ ಆಗಲಿ, ತೊಡೆ ಭುಜಗಳಲ್ಲಿ ಕಾರಣವಿಲ್ಲದ ನೋವು, ಕಂದು ಬಣ್ಣದ ಮೂತ್ರ ಕಂಡರೆ ತಡಮಾಡಬೇಡಿ.

ಹಣ್ಣು, ಸೊಪ್ಪು, ಕಷಾಯ

ವಿದೇಶಿ ಪಟ್ಟಿಗಳಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದಿರುತ್ತದೆ. ಅದು ದ್ರಾಕ್ಷಿಯಲ್ಲ. ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ ಹುಟ್ಟಿದ ಹಣ್ಣು. ಅದರ ರಸ ಅಮಿಯೊಡರೋನ್ ಮಟ್ಟ ಏರಿಸುತ್ತದೆ. ಚಕ್ಕೋತದಲ್ಲೂ ಅದೇ ಬಗೆಯ ಅಂಶಗಳಿರುವುದರಿಂದ, ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾಗಿರಲಿ, ಈ ಮಾತ್ರೆ ಇರುವಷ್ಟು ಕಾಲ ದೂರ ಇಡಿ. ಹೈದರಾಬಾದಿನ ರಸ್ತೆಬದಿಯಲ್ಲಿ ಸಿಗುವ ಬತ್ತಾಯಿ, ಅಂದರೆ ನಮ್ಮ ಮೂಸಂಬಿ, ಬೇರೆ ಹಣ್ಣು. ಅದನ್ನು ಬಿಡಬೇಕಿಲ್ಲ.

ಅಸಿಟ್ರೋಮ್ ಇರುವವರು ಸೊಪ್ಪು ಬಿಡಬೇಕು ಎಂಬುದು ಹಳೆಯ ತಪ್ಪು ತಿಳಿವಳಿಕೆ. ಪುಂಡಿಪಲ್ಯ, ಮೆಂತ್ಯ, ಪಾಲಕ್ ಯಾವುದೇ ಇರಲಿ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು. ಒಂದು ತಿಂಗಳು ಬಿಟ್ಟು ಮುಂದಿನ ತಿಂಗಳು ದಿನಾ ತಿಂದರೆ ಐಎನ್‌ಆರ್ ಕುಣಿಯುತ್ತದೆ.

ಕೆಮ್ಮಿಗೆ ಕುಡಿಯುವ ಜ್ಯೇಷ್ಠಮಧುವಿನ ಕಷಾಯ, ಹಳೆ ಹೈದರಾಬಾದಿನ ಯುನಾನಿ ಅಂಗಡಿಗಳ ಜೋಶಾಂದಾ ಎರಡರಲ್ಲೂ ಅತಿಮಧುರದ ಬೇರು ಇರುತ್ತದೆ. ಒಂದೆರಡು ದಿನ ಕುಡಿದರೆ ಏನೂ ಆಗದಿರಬಹುದು. ವಾರಗಟ್ಟಲೆ ಕುಡಿದರೆ ಪೊಟ್ಯಾಸಿಯಂ ಇಳಿಯುತ್ತದೆ. ನೀರಿಳಿಸುವ ಮಾತ್ರೆ ಇರುವವರಿಗೆ ಇದು ಸಣ್ಣ ಮಾತಲ್ಲ.

ಜೊತೆಯಲ್ಲಿ ಇರಬೇಕಾದ ಕಾಗದ

ಹೈದರಾಬಾದಿನಲ್ಲಿ ವೈದ್ಯರು ತೆಲುಗು, ಹಿಂದಿ, ಉರ್ದು, ಇಂಗ್ಲಿಷಿನಲ್ಲಿ ಹೇಳಿದ್ದು ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಒಂದು ಗಟ್ಟಿ ಹಾಳೆಯ ಒಂದು ಬದಿ ಇಂಗ್ಲಿಷಿನಲ್ಲಿ, ಇನ್ನೊಂದು ಬದಿ ಕನ್ನಡದಲ್ಲಿ ಬರೆದಿಡಿ: ಎಲ್ಲ ಮಾತ್ರೆಗಳ ಮೂಲ ಹೆಸರು ಮತ್ತು ಪ್ರಮಾಣ, ಅಮಿಯೊಡರೋನ್ ಶುರುವಾದ ದಿನಾಂಕ, ನಿಲ್ಲಿಸಿದ್ದರೆ ಆ ದಿನಾಂಕ, ಕೊನೆಯ ಐಎನ್‌ಆರ್, ಪೊಟ್ಯಾಸಿಯಂ, ಟಿಎಸ್‌ಎಚ್, ಕವಾಟ ಯಾವುದು. ಕೊನೆಯ ಇಸಿಜಿಯ ಫೋಟೊ ಫೋನಿನಲ್ಲಿ ಇರಲಿ. ಹೊಸ ಇಸಿಜಿಯನ್ನು ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಊರಿನ ವೈದ್ಯರಿಗೂ ಅಂಗಡಿಯವರಿಗೂ ಮಾತು ಶುರುವಾಗುವ ಮೊದಲು ಈ ಹಾಳೆ ತೋರಿಸಿ. ಹೊಸ ಮಾತ್ರೆ ಬಂದರೆ ಕೇಳಬೇಕಾದ ಪ್ರಶ್ನೆ ಒಂದೇ: "ಇದು ಅಮಿಯೊಡರೋನ್ ಜೊತೆ ಆಗುತ್ತದೆಯೇ?"

ಇದನ್ನೆಲ್ಲ ಓದಿ ಅಮಿಯೊಡರೋನನ್ನು ನೀವಾಗಿಯೇ ಬಿಡಬೇಡಿ. ಬಿಟ್ಟರೆ ಬೇರೆ ಔಷಧಗಳೊಡನೆ ಅದರ ತಗಾದೆ ತಿಂಗಳುಗಟ್ಟಲೆ ಉಳಿಯುತ್ತದೆ, ಬಡಿತಕ್ಕಿದ್ದ ರಕ್ಷಣೆ ಮಾತ್ರ ಕರಗುತ್ತಾ ಹೋಗುತ್ತದೆ.

ಪ್ರಜ್ಞೆ ತಪ್ಪಿದರೆ, ನಾಡಿ 50ಕ್ಕಿಂತ ಇಳಿದು ತಲೆ ಸುತ್ತಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ಅಸಿಟ್ರೋಮ್ ಇರುವವರ ತಲೆಗೆ ಪೆಟ್ಟಾದರೆ, ಮಾತು ತೊದಲಿ ಕೈ ಸೋತರೆ 108ಕ್ಕೆ ಕರೆ ಮಾಡಿ. ಕರ್ನಾಟಕ, ತೆಲಂಗಾಣ ಎರಡರಲ್ಲೂ ಅದೇ ಸಂಖ್ಯೆ. ಒಣಕೆಮ್ಮು ಮತ್ತು ಏದುಸಿರು ಹೊಸದಾಗಿ ಶುರುವಾಗಿ ವಾರ ಕಳೆದರೂ ಹೋಗದಿದ್ದರೆ ಅದು ಶ್ವಾಸಕೋಶದ ಮೇಲೆ ಅಮಿಯೊಡರೋನ್‌ನದೇ ಪರಿಣಾಮವಾಗಿರಬಹುದು. ಕೆಮ್ಮಿನ ಸಿರಪ್ಪಿಗೆ ಮೊದಲು ಎದೆಯ ಎಕ್ಸ್‌ರೇ ತೆಗೆಸಿ. ಔಷಧದಿಂದ ತೊಂದರೆಯಾಗಿದೆ ಎನಿಸಿದರೆ ರೋಗಿಗಳೇ ನೇರವಾಗಿ ವರದಿ ಮಾಡಬಹುದು. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದ ಉಚಿತ ಸಹಾಯವಾಣಿ 1800-180-3024. ಕರೆ ಮಾಡುವಾಗ ಮಾತ್ರೆಯ ಪಟ್ಟಿ ಕೈಯಲ್ಲಿರಲಿ, ಅದರ ಮೇಲಿನ ಬ್ಯಾಚ್ ಸಂಖ್ಯೆ ಬೇಕಾಗಬಹುದು.